ದೋಟಿ, ಲೈನ್ ತಂತಿ ಮತ್ತು ಕಣ್ಣೊಳಗಿನ ಲೆನ್ಸು

ಎರಡನೇ ಕೊಯ್ಲು ಮುಗಿದು ಅಟ್ಟದ ಮೇಲೆ ಅಡಿಕೆ ಒಣಗ್ತಾ ಇದೆ. ಮೂರನೇ ಕೊಯ್ಲಿಗೆ ಇನ್ನೂ ಮೂರು ವಾರ ಆದ್ರೂ ಬೇಕು. ಈ ಬಿಡುವಲ್ಲಿ, ಸೊಸೈಟಿಗೆ ಹೋದಾಗ, ಮದುವೆಮನೆ ಪಂಕ್ತಿಯಲ್ಲಿ ಕೂತಾಗ ಎಲ್ಲರೂ ಕೇಳ್ತಿರೋ ಪ್ರಶ್ನೆಗೆ ಒಂದೇ ಸಲ ಉತ್ತರ ಬರೆದುಬಿಡೋಣ ಅಂತ ಕೂತಿದ್ದೀನಿ. "ಕನ್ನಡಕ ಎಲ್ಲಿ ಹೋಯ್ತು ಮಾರಾಯ, ಆಪರೇಷನ್ ಮಾಡಿಸಿದ್ಯಾ?"

ಮಾಡಿಸಿಲ್ಲ. ಲೆನ್ಸ್ ಹಾಕ್ತೀನಿ, ಕಾಂಟ್ಯಾಕ್ಟ್ ಲೆನ್ಸ್. ಹಾಗಂದ ಕೂಡ್ಲೇ ಅರ್ಧ ಜನ ನಗ್ತಾರೆ. ನಲವತ್ತೇಳು ವರ್ಷದ ಅಡಿಕೆ ಬೆಳೆಗಾರನಿಗೆ ಸಿನಿಮಾ ಹೀರೋಯಿನ್ ಹಾಕೋ ವಸ್ತು ಯಾಕೆ ಅಂತ. ಇನ್ನರ್ಧ ಜನ, "ನಂಗೆ ಸಿಲಿಂಡರ್ ಪವರ್ ಇದೆ, ಅದಕ್ಕೆಲ್ಲ ಲೆನ್ಸ್ ಬರಲ್ಲ ಅಂದಿದ್ರು" ಅಂತಾರೆ. ನಂಗೂ ಇಪ್ಪತ್ತು ವರ್ಷದ ಹಿಂದೆ ಒಬ್ಬರು ಹಾಗೇ ಹೇಳಿದ್ರು. ಆಗ ನಮ್ಮ ಕಡೆ ಅದು ಸಿಗ್ತಾ ಇರಲಿಲ್ಲ, ಅಷ್ಟೇ. ಈಗ ಬರುತ್ತೆ. ಆದ್ರೆ ಸಾದಾ ಲೆನ್ಸಿನ ಹಾಗಲ್ಲ, ಅದಕ್ಕೆ ಅದರದ್ದೇ ತಕರಾರುಗಳಿವೆ. ಅದನ್ನೇ ಬರೀತೀನಿ.

ಮೊದಲು ಈ ಸಿಲಿಂಡರ್ ಅಂದ್ರೆ ಏನು. ನಿಮ್ಮ ಕನ್ನಡಕದ ಚೀಟಿ ತೆಗೆದು ನೋಡಿ. ಮೂರು ಕಾಲಂ ಇರುತ್ತೆ: ಸ್ಫಿಯರ್, ಸಿಲಿಂಡರ್, ಆಕ್ಸಿಸ್. ನನ್ನ ಬಲಗಣ್ಣಿಗೆ ಮೈನಸ್ 0.50, ಮೈನಸ್ 2.25, 180. ಎಡಗಣ್ಣಿಗೆ ಮೈನಸ್ 0.75, ಮೈನಸ್ 1.75, 170. ನಡುವಿನ ಕಾಲಂನಲ್ಲಿ ಏನಾದ್ರೂ ಸಂಖ್ಯೆ ಇದ್ರೆ ನಿಮಗೂ ಅಸ್ಟಿಗ್ಮ್ಯಾಟಿಸಂ ಇದೆ ಅಂತ ಲೆಕ್ಕ. ಹೆಸರು ದೊಡ್ಡದು, ವಿಷಯ ಸಣ್ಣದು. ಕಣ್ಣಿನ ಮುಂದಿನ ಗಾಜಿನಂಥ ಭಾಗ, ಕಾರ್ನಿಯಾ, ಚೆಂಡಿನ ಹಾಗೆ ಎಲ್ಲಾ ಕಡೆಗೂ ಒಂದೇ ಸಮ ಉರುಟಾಗಿರಬೇಕು. ನಮ್ಮಂಥವರಿಗೆ ಅದು ಚಮಚದ ಬೆನ್ನಿನ ಹಾಗಿರುತ್ತೆ, ಅಡ್ಡಕ್ಕೆ ಒಂದು ಬಾಗು, ಉದ್ದಕ್ಕೆ ಇನ್ನೊಂದು ಬಾಗು. ಹಾಗಾಗಿ ಬೆಳಕು ಒಂದೇ ಕಡೆ ಕೂಡಲ್ಲ. ಎರಡನೇ ಕಾಲಂ ಅಂದ್ರೆ ಆ ಎರಡು ಬಾಗಿನ ನಡುವಿನ ವ್ಯತ್ಯಾಸ ಎಷ್ಟು ಅಂತ. ಮೂರನೇ ಕಾಲಂ ಅಂದ್ರೆ ಅದು ಯಾವ ದಿಕ್ಕಿಗಿದೆ ಅಂತ. ಈ ದಿಕ್ಕೇ ಇಡೀ ಕಥೆ.

ದಿಕ್ಕು ಯಾಕೆ ಮುಖ್ಯ ಅಂತ ನಂಗೆ ಗೊತ್ತಾಗಿದ್ದು ದೋಟಿ ಕೈಯಲ್ಲಿದ್ದಾಗ. ಎರಡು ವರ್ಷದ ಹಿಂದೆ, ಅಕ್ಟೋಬರ್, ಮೊದಲನೇ ಕೊಯ್ಲು. ಬೆಳಗ್ಗೆ ಮಂಜು, ಆಮೇಲೆ ಸೆಖೆ. ಕತ್ತು ಹಿಂದಕ್ಕೆ ಹಾಕಿ ಅರವತ್ತು ಅಡಿ ಮೇಲೆ ನೋಡ್ತಾ ನಿಂತ್ರೆ ಬೆವರು ಕನ್ನಡಕದ ಒಳಗೇ ಇಳಿಯುತ್ತೆ, ಕನ್ನಡಕ ಮೂಗಿನ ಮೇಲಿಂದ ಜಾರುತ್ತೆ, ಗಾಜಿನ ಮೇಲಿನ ಅಂಚಿನಾಚೆ ಬರೀ ಕಣ್ಣಲ್ಲೇ ನೋಡೋ ಹಾಗಾಗುತ್ತೆ. ದೋಟಿ ಹಿಡಿದ ಕನ್ನಡಕದವರಿಗೆ ಇದು ಹೊಸದೇನಲ್ಲ. ನಾನು ದೋಟಿ ಕೆಳಗೆ ಮಲಗಿಸಿ, ಕನ್ನಡಕ ತೆಗೆದು ಒರೆಸ್ತಾ, ಸುಮ್ನೆ ತಲೆ ಎತ್ತಿ ನೋಡ್ದೆ. ಅಡಿಕೆ ಮರದ ಕಾಂಡಗಳು ಸುಮಾರಾಗಿ ಚೆನ್ನಾಗೇ ಕಾಣ್ತಾ ಇದ್ವು. ತೋಟದ ಅಂಚಿನ ಲೈನ್ ಕಂಬನೂ ಕಾಣ್ತಿತ್ತು. ಆದ್ರೆ ಕಂಬದಿಂದ ಕಂಬಕ್ಕೆ ಹೋಗೋ ತಂತಿ ಇರಲೇ ಇಲ್ಲ. ಕನ್ನಡಕ ಹಾಕಿದೆ, ಮೂರು ತಂತಿ. ತೆಗೆದೆ, ಖಾಲಿ ಆಕಾಶ.

ಅಷ್ಟು ದಿನ ನಾನು ತಿಳ್ಕೊಂಡಿದ್ದು, ಕನ್ನಡಕ ಇಲ್ಲದಿದ್ರೆ ಎಲ್ಲಾನೂ ಒಂದೇ ಸಮ ಮಸುಕಾಗುತ್ತೆ ಅಂತ. ಸಿಲಿಂಡರ್ ಇರೋರಿಗೆ ಹಾಗಾಗಲ್ಲ. ನನ್ನ ಬಲಗಣ್ಣಿನ ಹಾಗೆ ಆಕ್ಸಿಸ್ 180 ಇರೋ ಮೈನಸ್ ಕಣ್ಣಿಗೆ ದೂರದ ನೆಟ್ಟಗಿನ ಗೆರೆ ಅಷ್ಟೋ ಇಷ್ಟೋ ಸ್ಪಷ್ಟ, ಅಡ್ಡಗೆರೆ ಕಲಸಿಹೋಗುತ್ತೆ. ಸಣ್ಣ ತಂತಿ ಮೇಲಕ್ಕೂ ಕೆಳಕ್ಕೂ ಹರಡಿ ಆಕಾಶದ ಬಣ್ಣದಲ್ಲೇ ಕರಗುತ್ತೆ. ಆಕ್ಸಿಸ್ 90 ಇದ್ದೋರಿಗೆ ಇದು ಉಲ್ಟಾ. ನೀವೂ ನೋಡಬಹುದು: ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಕಂಬನೂ ತಂತಿನೂ ಒಟ್ಟಿಗೆ ನೋಡಿ. ಎರಡರಲ್ಲಿ ಒಂದು ಬಹಳ ಹೆಚ್ಚು ಮಸುಕಾದ್ರೆ ಸಿಲಿಂಡರ್ ಇರೋ ಸಾಧ್ಯತೆ ಇದೆ. ಆಸ್ಪತ್ರೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತಲೂ ಗೆರೆ ಎಳೆದ ಚಾರ್ಟ್ ತೋರಿಸಿ "ಯಾವ ಗೆರೆ ದಪ್ಪ ಕಾಣುತ್ತೆ" ಅಂತ ಕೇಳೋದು ಇದಕ್ಕೇ.

ನಮ್ಮ ದೋಟಿ ಕಾರ್ಬನ್ ಫೈಬರಿಂದು. ಹಗುರ, ಗಟ್ಟಿ, ಎಲ್ಲಾ ಸರಿ. ಆದ್ರೆ ಅದರಲ್ಲಿ ಕರೆಂಟ್ ಹರಿಯುತ್ತೆ. ದೋಟಿ ಲೈನಿಗೆ ತಾಗಿ ಜೀವ ಹೋದ ಸುದ್ದಿ ನೀವೆಲ್ಲ ಓದಿದ್ದೀರಿ. ತಂತಿ ಮಾತ್ರ ಆರಿಸಿ ಅಳಿಸೋ ಕಣ್ಣು, ಕೈಯಲ್ಲಿ ಅರವತ್ತು ಅಡಿ ಕಾರ್ಬನ್ ಕೋಲು. ಅವತ್ತು ರಾತ್ರಿ ಮನೆಯವಳ ಹತ್ರ ಇದನ್ನ ಹೇಳಿದ್ದಕ್ಕೆ, "ಹಂಗಾದ್ರೆ ದೋಟಿ ಮಾರಿ, ಇಲ್ಲಾ ಕಣ್ಣು ಸರಿ ಮಾಡಿಸ್ಕೊಂಡು ಬನ್ನಿ" ಅಂದ್ಲು. ಕೊನೆಗೌಡರು ಸಿಗದ ಈ ಕಾಲದಲ್ಲಿ ದೋಟಿ ಮಾರೋದು ಹೇಗೆ?

ಅವತ್ತಿನ ವಾರವೇ ಶಿವಮೊಗ್ಗಕ್ಕೆ ಹೋದೆ. ಡಾಕ್ಟರು ಕಣ್ಣೆಲ್ಲ ನೋಡಿ, ಕಣ್ಣೀರು ಸಾಕಷ್ಟಿದೆಯಾ, ರೆಪ್ಪೆ ಅಂಚು ಶುದ್ಧ ಇದೆಯಾ ಅಂತ ಪರೀಕ್ಷೆ ಮಾಡಿ, ಕಾರ್ನಿಯಾದ ನಕ್ಷೆನೂ ತೆಗೆಸಿದ್ರು. ಆಮೇಲೆ ಲೆನ್ಸ್ ಕೂರಿಸೋ ಮೇಡಂ ಹತ್ರ ಕಳಿಸಿದ್ರು. ಅವರು ಬಹಳ ತಾಳ್ಮೆಯವರು. ನನ್ನ ಪ್ರಶ್ನೆಗಳಿಗೆಲ್ಲ ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ರು. ಕೆಳಗೆ ಬರೆದಿದ್ದರಲ್ಲಿ ಬಹಳಷ್ಟು ಅವರಿಂದ ಕಲಿತಿದ್ದು, ಉಳಿದದ್ದು ಓದಿದ್ದು, ಅನುಭವಿಸಿದ್ದು.

ಸಾದಾ ಮೆತ್ತನೆ ಲೆನ್ಸ್ ಸಿಲಿಂಡರ್ ಇರೋರಿಗೆ ಯಾಕೆ ಆಗಲ್ಲ ಅಂದ್ರೆ, ಅದು ಒದ್ದೆ ಬಟ್ಟೆ ಇದ್ದ ಹಾಗೆ. ಒದ್ದೆ ಗೋಣಿಯನ್ನ ತೆಂಗಿನಕಾಯಿ ರಾಶಿ ಮೇಲೆ ಹಾಸಿದ್ರೆ ಕೆಳಗಿನ ಉಬ್ಬು ತಗ್ಗು ಹಾಗೇ ಮೇಲೆ ಎದ್ದು ಕಾಣುತ್ತಲ್ಲ, ಹಾಗೆ. ಕಾರ್ನಿಯಾ ಓರೆ ಇದ್ರೆ ಲೆನ್ಸೂ ಓರೆಯಾಗೇ ಕೂರುತ್ತೆ. ಗಟ್ಟಿ ಲೆನ್ಸ್ ಬೇರೆ. ಅದು ತನ್ನ ಆಕಾರ ಬಿಡಲ್ಲ, ಕೆಳಗಿನ ಸಂದಿನಲ್ಲಿ ಕಣ್ಣೀರು ತುಂಬಿಕೊಂಡು ಹೊಸ ಉರುಟು ಮೇಲ್ಮೈ ಸಿದ್ಧ ಆಗುತ್ತೆ. ನೋಟ ಬಹಳ ಚೂಪು. ಆದ್ರೆ ಅಭ್ಯಾಸ ಆಗೋಕೆ ವಾರಗಟ್ಟಲೆ ಬೇಕು, ಧೂಳಿನ ಒಂದು ಕಣ ಅದರ ಅಡಿ ಹೊಕ್ಕರೆ ಪ್ರಾಣ ಹೋದ ಹಾಗಾಗುತ್ತಂತೆ. ತೋಟದ ಕೆಲಸಕ್ಕೆ ಬೇಡ ಅಂದ್ರು.

ಮೂರನೇದು ಟೋರಿಕ್ ಮೆತ್ತನೆ ಲೆನ್ಸ್. ಇದರಲ್ಲೇ ಎರಡು ದಿಕ್ಕಿಗೆ ಎರಡು ಪವರ್ ಕಡೆದಿರ್ತಾರೆ. ಕನ್ನಡಕದ ಗಾಜಾದ್ರೆ ಫ್ರೇಮಿನಲ್ಲಿ ತಿರುಗದ ಹಾಗೆ ಕೂತಿರುತ್ತೆ. ಕಣ್ಣಲ್ಲಿ ತೇಲೋ ಲೆನ್ಸಿಗೆ ಯಾವ ಫ್ರೇಮು? ರೆಪ್ಪೆ ಬಡಿದ ಹಾಗೆಲ್ಲ ಅದು ತಿರುಗಿದ್ರೆ ದಿಕ್ಕು ತಪ್ಪುತ್ತೆ. ಅದಕ್ಕೆ ಕೆಳಭಾಗ ಸ್ವಲ್ಪ ದಪ್ಪ ಮಾಡಿರ್ತಾರೆ. ರೆಪ್ಪೆ ಬಡಿದಾಗ ಮೇಲಿನ ರೆಪ್ಪೆ ತೆಳು ಭಾಗವನ್ನ ತನ್ನಡಿಗೆ ಎಳ್ಕೊಂಡು ದಪ್ಪ ಭಾಗವನ್ನ ಕೆಳಕ್ಕೆ ದೂಡುತ್ತೆ. ಒದ್ದೆ ಕೈಯಲ್ಲಿ ಹಲಸಿನ ಬೀಜ ಅಮುಕಿದ್ರೆ ದಪ್ಪ ಇರೋ ಕಡೆಗೆ ಜಾರುತ್ತಲ್ಲ, ಅದೇ ತಂತ್ರ. ಇನ್ನು ಕೆಲವು ಲೆನ್ಸಲ್ಲಿ ಎರಡೂ ಪಕ್ಕ ದಪ್ಪ ಮಾಡಿ, ಎರಡು ರೆಪ್ಪೆಗಳ ನಡುವೆ ಸಿಕ್ಕಿಕೊಳ್ಳೋ ಹಾಗೆ ಮಾಡಿರ್ತಾರೆ.

ದಿಕ್ಕು ತಪ್ಪಿದ್ರೆ ಎಷ್ಟು ನಷ್ಟ ಅನ್ನೋದಕ್ಕೆ ಲೆಕ್ಕ ಇದೆ. 10 ಡಿಗ್ರಿ ತಿರುಗಿದ್ರೆ ಸಿಲಿಂಡರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಉಳಿದುಬಿಡುತ್ತೆ. ನನ್ನ 2.25ರಲ್ಲಿ ಹತ್ತಿರ ಹತ್ತಿರ 0.75. 30 ಡಿಗ್ರಿ ತಿರುಗಿದ್ರೆ ಹಾಕಿದ್ದೂ ಒಂದೇ ಹಾಕದೇ ಇದ್ದದ್ದೂ ಒಂದೇ, ಮೊದಲಿದ್ದಷ್ಟೇ ಸಿಲಿಂಡರ್ ಬೇರೆ ದಿಕ್ಕಿನಲ್ಲಿ ಎದುರಿಗೆ ನಿಲ್ಲುತ್ತೆ. ಸಿಲಿಂಡರ್ 0.75 ಇರೋರಿಗೆ ಹತ್ತು ಡಿಗ್ರಿ ಗೊತ್ತೇ ಆಗಲ್ಲ. ಎರಡರ ಮೇಲಿದ್ದೋರಿಗೆ ಗೊತ್ತಾಗೇ ಆಗುತ್ತೆ.

ಹಾಗಾಗಿ ಚೀಟಿ ತೋರಿಸಿ ಅಂಗಡಿಯಲ್ಲಿ ಲೆನ್ಸ್ ತಗೊಂಡು ಬರೋ ಕೆಲಸ ಇದಲ್ಲ. ಮೇಡಂ ಟ್ರಯಲ್ ಲೆನ್ಸ್ ಹಾಕಿ, ಕಾಲು ಗಂಟೆ ಹೊರಗೆ ಕೂರಿಸಿ, ಆಮೇಲೆ ದೊಡ್ಡ ಯಂತ್ರದ ಬೆಳಕಲ್ಲಿ ನೋಡಿದ್ರು. ಟೋರಿಕ್ ಲೆನ್ಸಿನ ಮೇಲೆ ಕೂದಲೆಳೆಯಂಥ ಸಣ್ಣ ಗುರುತು ಇರುತ್ತೆ. ಬಹಳ ಲೆನ್ಸಲ್ಲಿ ಅದು ಗಡಿಯಾರದ 6 ಗಂಟೆ ಜಾಗದಲ್ಲಿ ನಿಲ್ಲಬೇಕು. ನನ್ನ ಬಲಗಣ್ಣಲ್ಲಿ ಆರರ ಬದಲು ಆರೂವರೆ ಹತ್ರ ನಿಂತಿತ್ತು. ಗಡಿಯಾರದಲ್ಲಿ ಒಂದು ಗಂಟೆ ಅಂದ್ರೆ 30 ಡಿಗ್ರಿ, ಅರ್ಧ ಗಂಟೆ 15. ಪ್ರತೀ ಸಲ ಅಷ್ಟೇ ತಿರುಗಿ ನಿಲ್ಲೋದಾದ್ರೆ ಲೆಕ್ಕ ಹಾಕಿ ಬೇರೆ ಆಕ್ಸಿಸ್ಸಿನ ಲೆನ್ಸ್ ಕೊಡಬಹುದಂತೆ. ನಂದು ಒಮ್ಮೆ ಹೀಗೆ ಒಮ್ಮೆ ಹಾಗೆ ನಿಲ್ತಿತ್ತು. ಹಾಗಾಗಿ ಆ ವಿನ್ಯಾಸವೇ ಬೇಡ ಅಂತ ಪಕ್ಕ ದಪ್ಪ ಇರೋ ಇನ್ನೊಂದು ನಮೂನೆ ಹಾಕಿದ್ರು. ಅದು ನಿಂತಿತು.

ನಾನು ಒಂದು ಮಾತು ಕೇಳಿದೆ: "ಮೇಡಂ, ನಾನು ದಿನಕ್ಕೆ ಐದು ಗಂಟೆ ಮೇಲೆ ನೋಡ್ಕೊಂಡೇ ಇರ್ತೀನಿ. ಆಗ ಇದು ಎಲ್ಲಿ ಹೋಗುತ್ತೆ?" ಅವರಿಗೆ ದೋಟಿ ಅಂದ್ರೆ ಗೊತ್ತಿರಲಿಲ್ಲ. ಮೊಬೈಲಲ್ಲಿ ವಿಡಿಯೋ ತೋರಿಸಿದೆ. ಬಾಯಿ ಬಿಟ್ಟು ನೋಡಿದ್ರು. ಆಮೇಲೆ ನನ್ನನ್ನ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಹಾಕಿಸಿ, ಮೇಲೆ, ಎಡಕ್ಕೆ, ಬಲಕ್ಕೆ ನೋಡಿಸಿ, ಪ್ರತೀ ಸಲ ಗುರುತು ಎಲ್ಲಿದೆ ಅಂತ ನೋಡಿದ್ರು. ಲೆನ್ಸ್ ಕೂರಿಸೋಕೆ ಹೋಗೋರು ನಿಮ್ಮ ಕೆಲಸ ಏನು, ಹೇಗೆ ನಿಂತು ಮಾಡ್ತೀರಿ ಅನ್ನೋದನ್ನ ಅಲ್ಲೇ ಮಾಡಿ ತೋರಿಸಿ. ಕುರ್ಚಿಯಲ್ಲಿ ನೆಟ್ಟಗೆ ಕೂತು ಅಕ್ಷರ ಓದಿ ಬಂದ್ರೆ ಅರ್ಧ ಪರೀಕ್ಷೆ ಮಾತ್ರ.

ಟೋರಿಕ್ ಲೆನ್ಸ್ ಸಾದಾ ಲೆನ್ಸಿಗಿಂತ ದುಬಾರಿ. ನಮ್ಮ ಊರಿನ ಕಡೆ ಅಂಗಡಿಗಳಲ್ಲಿ ಸ್ಟಾಕ್ ಇಡಲ್ಲ, ತರಿಸಿಕೊಡ್ತಾರೆ, ವಾರ ಹತ್ತು ದಿನ ಹಿಡಿಯುತ್ತೆ. ಮೆತ್ತನೆ ಟೋರಿಕ್ ಲೆನ್ಸಿನ ಸಿಲಿಂಡರ್ ಸಾಮಾನ್ಯವಾಗಿ 0.75, 1.25, 1.75, 2.25 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತೆ, ಆಕ್ಸಿಸ್ ಹತ್ತು ಹತ್ತು ಡಿಗ್ರಿಗೆ. ನನ್ನ ಅಳತೆ ಅದೃಷ್ಟಕ್ಕೆ ಸರಿಯಾಗಿ ಮೆಟ್ಟಿಲ ಮೇಲೇ ಇತ್ತು. ಎಲ್ಲರಿಗೂ ಹಾಗಾಗಲ್ಲ.

ಇಲ್ಲಿ ಒಂದು ಅಡ್ಡಕಥೆ ಹೇಳ್ತೀನಿ, ಬೇಡದವರು ದಾಟಿ. ಈ ತೊಂದರೆಯನ್ನ ಮೊದಲು ವಿವರಿಸಿದ್ದು ಇಂಗ್ಲೆಂಡಿನ ಥಾಮಸ್ ಯಂಗ್, 1801ರಲ್ಲಿ, ತನ್ನ ಕಣ್ಣನ್ನೇ ಪರೀಕ್ಷೆ ಮಾಡ್ಕೊಂಡು. ಕಣ್ಣನ್ನ ನೀರಲ್ಲಿ ಮುಳುಗಿಸಿ ನೋಡಿದ್ನಂತೆ. ನೀರಿದ್ರೆ ಕಾರ್ನಿಯಾದ ಬಾಗಿನ ಪರಿಣಾಮ ಹೋಗುತ್ತೆ, ಆದ್ರೂ ದೋಷ ಹಾಗೇ ಇತ್ತು, ಹಾಗಾಗಿ ತನ್ನದು ಒಳಗಿನ ಮಸೂರದ ದೋಷ ಅಂತ ತೀರ್ಮಾನಿಸಿದ. ಆಮೇಲೆ 1825ರ ಹೊತ್ತಿಗೆ ಜಾರ್ಜ್ ಏರಿ ಅನ್ನೋ ಖಗೋಳ ವಿಜ್ಞಾನಿ ತನ್ನ ಎಡಗಣ್ಣಿಗೆ ಅಂತಲೇ ಲೆಕ್ಕ ಹಾಕಿ ಸಿಲಿಂಡರ್ ಗಾಜು ಮಾಡಿಸಿಕೊಂಡ. ಮೆತ್ತನೆ ಲೆನ್ಸ್ ಮಾಡಿದ್ದು ಜೆಕೊಸ್ಲೊವಾಕಿಯಾದ ಒಟ್ಟೊ ವಿಖ್ಟರ್ಲೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಮನೆಯ ಅಡುಗೆಮನೆಯಲ್ಲಿ, ಮಕ್ಕಳ ಜೋಡಿಸೋ ಆಟಿಕೆ ಸೆಟ್ಟು ಮತ್ತು ಸೈಕಲ್ ಡೈನಮೋ ಸೇರಿಸಿ ಯಂತ್ರ ಮಾಡಿ ಲೆನ್ಸ್ ತಿರುಗಿಸಿ ತೆಗೆದ. ಹಳೇ ಸ್ಕೂಟರ್ ಇಂಜಿನ್‌ನಲ್ಲಿ ಕಳೆ ಯಂತ್ರ ಮಾಡೋ ನಮ್ಮ ಕಡೆಯವರಿಗೆ ಈ ಮನುಷ್ಯ ಖಂಡಿತ ಹಿಡಿಸ್ತಾನೆ.

ಈಗ ಕೈ ವಿಷಯ. ಕೃಷಿಕನ ಬೆರಳು ಲೆನ್ಸಿಗೆ ಅಂತ ಮಾಡಿದ್ದಲ್ಲ. ಚೊಗರು ಹಿಡಿದ, ಒಡೆದ, ಉಗುರಿನಡಿ ಮಣ್ಣು ಕೂತ ಬೆರಳು. ಮೊದಲ ದಿನ ಹಾಕ್ಕೊಳ್ಳೋಕೆ ಮುಕ್ಕಾಲು ಗಂಟೆ ಹಿಡೀತು. ಮಗಳು ಪಕ್ಕದಲ್ಲಿ ನಿಂತು ನಗ್ತಾ ಇದ್ಲು: "ಅಪ್ಪ, ಕಣ್ಣು ಮುಚ್ಚಬೇಡ, ಮುಚ್ಚಿದ್ರೆ ಹೆಂಗೆ ಹಾಕ್ತೀಯ?" ಈಗ ಒಂದು ನಿಮಿಷದ ಕೆಲಸ. ಉಗುರು ಪೂರ್ತಿ ಕತ್ತರಿಸಿ, ಸೋಪಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಕೈ ಪೂರ್ತಿ ಒಣಗಿಸಿ, ತೋರುಬೆರಳು ಬಹಳ ಒರಟಿದ್ರೆ ನಡುಬೆರಳಲ್ಲಿ ಹಾಕಿ. ಲೆನ್ಸ್ ಬೆರಳ ತುದಿಯಲ್ಲಿಟ್ಟಾಗ ಬಟ್ಟಲ ಹಾಗೆ ಕಾಣಬೇಕು. ಅಂಚು ತಟ್ಟೆಯ ಹಾಗೆ ಹೊರಗೆ ಬಾಗಿದ್ರೆ ಅದು ಮಗುಚಿದೆ ಅಂತ. ಮೆಣಸಿನಕಾಯಿ ಮುಟ್ಟಿದ ದಿನ ಮನೆಯವಳ ಕೈಯಿಂದ ತೆಗೆಸ್ಕೋಬೇಡಿ, ಅಷ್ಟು ಹೇಳ್ತೀನಿ.

ನೀರು ತಾಗಿಸಬಾರದು. ಈ ಒಂದು ಮಾತನ್ನ ಎರಡು ಸಲ ಓದಿ. ನಮ್ಮ ಬಾವಿ ನೀರು, ಅಬ್ಬಿ ನೀರು ಎಷ್ಟೇ ತಿಳಿ ಇದ್ರೂ, ನಲ್ಲಿ ನೀರೇ ಆದ್ರೂ, ಲೆನ್ಸ್ ತೊಳೆಯೋಕೆ, ನೆನೆಸೋಕೆ ಆಗಲ್ಲ. ಮಣ್ಣು ನೀರಲ್ಲೆಲ್ಲ ಇರೋ ಅಕ್ಯಾಂಥಮೀಬಾ ಅನ್ನೋ ಸೂಕ್ಷ್ಮಜೀವಿ ಲೆನ್ಸಿಗೆ ಅಂಟಿ ಕಾರ್ನಿಯಾ ಹೊಕ್ಕರೆ ಹೊರಗೆ ಹಾಕೋಕೆ ತಿಂಗಳುಗಟ್ಟಲೆ ಔಷಧಿ, ಕೆಲವೊಮ್ಮೆ ಕಣ್ಣೇ ಹೋಗುತ್ತೆ. ಲೆನ್ಸ್ ಹಾಕ್ಕೊಂಡು ಹೊಳೆಗೆ ಇಳಿಯೋದು, ಸ್ನಾನ ಮಾಡೋದು, ರಾತ್ರಿ ಮಲಗೋದು ಮೂರೂ ಇಲ್ಲ. ತಿಂಗಳ ಲೆನ್ಸ್ ಆದ್ರೆ ದ್ರಾವಣದಲ್ಲಿ ಉಜ್ಜಿ ತೊಳೆದು, ಪ್ರತೀ ಸಲ ಹೊಸ ದ್ರಾವಣ ಹಾಕಬೇಕು, ಹಳೇದರ ಮೇಲೇ ಸುರಿಯೋ ಹಾಗಿಲ್ಲ. ಡಬ್ಬಿಯನ್ನ ಮೂರು ತಿಂಗಳಿಗೆ ಬದಲಿಸಬೇಕು. ತಿಂಗಳ ಲೆನ್ಸ್ ಅಂದ್ರೆ ಪ್ಯಾಕ್ ಒಡೆದ ದಿನದಿಂದ ತಿಂಗಳು, ಹಾಕಿದ ದಿನಗಳ ಲೆಕ್ಕ ಅಲ್ಲ.

ಇದೆಲ್ಲ ಯೋಚಿಸಿ ನಾನು ದಿನದ ಲೆನ್ಸ್ ಆರಿಸ್ಕೊಂಡೆ. ಬೆಳಗ್ಗೆ ಹೊಸದು ಒಡೆದು ಹಾಕೋದು, ಸಂಜೆ ಎಸೆಯೋದು. ಒಂದೊಂದು ದಿನದ ಲೆಕ್ಕ ಹಾಕಿದ್ರೆ ದುಬಾರಿ. ಆದ್ರೆ ನಾನು ವರ್ಷವಿಡೀ ಹಾಕಲ್ಲ. ದೋಟಿ ಕೆಲಸದ ದಿನ, ಎಲೆಚುಕ್ಕಿ ನೋಡೋಕೆ ತೋಟ ಸುತ್ತೋ ದಿನ, ದೂರ ಗಾಡಿ ಓಡಿಸೋ ದಿನ. ಉಳಿದಂತೆ ಕನ್ನಡಕವೇ. ಎಲೆಚುಕ್ಕಿ ಅಂದೆನಲ್ಲ, ನೆಲದಲ್ಲಿ ನಿಂತು ಹಳೇ ಸೋಗೆಯ ಮೇಲಿನ ಚುಕ್ಕೆ ಬರೀ ಕಣ್ಣಲ್ಲಿ ಗುರುತಿಸೋಕೆ ಆಗ್ತಾ ಇರೋದು ನಂಗೆ ಲೆನ್ಸಿನಿಂದ ಆದ ದೊಡ್ಡ ಲಾಭ. ಹಿಂದೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡ್ತಿದ್ದೆ.

ತೊಂದರೆನೂ ಹೇಳ್ಬೇಕು. ಮೇಲೆ ನೋಡ್ತಾ ಕೊನೆಯ ಮೇಲೇ ಗಮನ ಇಟ್ಟಾಗ ರೆಪ್ಪೆ ಬಡಿಯೋದೇ ಮರೆತುಹೋಗುತ್ತೆ. ಚಳಿಗಾಲದ ಒಣ ಗಾಳಿಗೆ ಲೆನ್ಸ್ ಒಣಗುತ್ತೆ, ನೋಟ ಒಂದು ಕ್ಷಣ ಅಲುಗುತ್ತೆ. ಆಗ ದೋಟಿ ಮರಕ್ಕೆ ಒರಗಿಸಿ, ನೆಲ ನೋಡಿ, ನಾಲ್ಕು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆದ್ರೆ ಲೆನ್ಸ್ ತನ್ನ ಜಾಗಕ್ಕೆ ಬರುತ್ತೆ. ಪ್ರತೀ ಮರಕ್ಕೂ ಇದನ್ನ ರೂಢಿ ಮಾಡ್ಕೊಂಡಿದ್ದೀನಿ. ಪಂಪ್‌ಸೆಟ್ ರಿಪೇರಿಗೆ ಪಕ್ಕಕ್ಕೆ ಮಲಗಿದ್ರೂ ಒಮ್ಮೊಮ್ಮೆ ಲೆನ್ಸ್ ವಾಲುತ್ತೆ, ಎದ್ದು ಕೂತ್ರೆ ಸರಿ. ಅಡಿಕೆ ಬೇಯಿಸೋ ಒಲೆ ಹತ್ರ ಹೊಗೆಗೆ ಲೆನ್ಸ್ ಹಾಕಿ ಕೂರೋಕೆ ನನ್ನಿಂದ ಆಗಲ್ಲ.

ಇನ್ನೊಂದು, ವಯಸ್ಸಿನದ್ದು. ಲೆನ್ಸ್ ದೂರಕ್ಕೆ ಸರಿ ಮಾಡುತ್ತೆ, ಚಾಳೀಸು ಹಾಗೇ ಇರುತ್ತೆ. ಔಷಧಿ ಡಬ್ಬಿ ಮೇಲಿನ ಸಣ್ಣ ಅಕ್ಷರ ಓದೋಕೆ ಜೇಬಲ್ಲಿ ಓದೋ ಕನ್ನಡಕ ಇಟ್ಕೊಂಡೇ ತಿರುಗ್ತೀನಿ. "ಕನ್ನಡಕ ಬಿಡೋಕೆ ಲೆನ್ಸ್ ಹಾಕಿ, ಲೆನ್ಸ್ ಮೇಲೆ ಕನ್ನಡಕ ಹಾಕೋ ಏಕೈಕ ಪ್ರಾಣಿ" ಅಂತ ಭಾವ ತಮಾಷೆ ಮಾಡ್ತಾನೆ. ಮಾಡ್ಲಿ.

ಔಷಧಿ ಹೊಡೆಯೋ ದಿನ ನಾನು ಲೆನ್ಸ್ ಮುಟ್ಟಲ್ಲ. ಇದು ನನ್ನ ನಿರ್ಧಾರ. ಲೆನ್ಸ್ ಇದ್ರೂ ಮೇಲೆ ಸರಿಯಾದ ಗಾಗಲ್ ಹಾಕಿದ್ರೆ ರಾಸಾಯನಿಕದ ಕೆಲಸ ಮಾಡಬಹುದು ಅನ್ನೋ ಅಭಿಪ್ರಾಯನೂ ಇದೆ. ಆದ್ರೆ ಅದು ಕಾರ್ಖಾನೆಯ ಲೆಕ್ಕ, ಅಲ್ಲಿ ಕಣ್ಣು ತೊಳೆಯೋ ನಲ್ಲಿ ಹತ್ತು ಹೆಜ್ಜೆಯಲ್ಲಿರುತ್ತೆ. ನಮ್ಮಲ್ಲಿ ಜೂನ್ ಜುಲೈ ಮಳೆ ಬಿಡುವಲ್ಲಿ ಗುಡ್ಡದ ಇಳಿಜಾರಿನಲ್ಲಿ, ಮೇಲಿಂದ ಬೋರ್ಡೋ ಹನಿ ಮುಖದ ಮೇಲೇ ಬೀಳ್ತಾ ಇರುತ್ತೆ. ಮೈಲುತುತ್ತಕ್ಕಿಂತ ನನಗೆ ಸುಣ್ಣದ ಭಯ ಜಾಸ್ತಿ. ಸುಣ್ಣ ಕ್ಷಾರ, ಕಣ್ಣೊಳಗೆ ಇಳೀತಾನೇ ಹೋಗುತ್ತೆ, ಕಣ ರೆಪ್ಪೆಯಡಿ ಕೂತ್ರೆ ಡಾಕ್ಟರೇ ತೆಗೀಬೇಕು. ಹಾಗಾಗಿ ಆ ದಿನ ಕನ್ನಡಕ, ಅದರ ಮೇಲೆ ಸುತ್ತ ಮುಚ್ಚೋ ಗಾಗಲ್, ಒಂದು ಕ್ಯಾನ್ ಶುದ್ಧ ನೀರು. ಯಾರಿಗಾದ್ರೂ ಲೆನ್ಸ್ ಇರುವಾಗಲೇ ಸಿಡಿದ್ರೆ ಲೆನ್ಸ್ ಹುಡುಕ್ತಾ ನಿಲ್ಲಬೇಡಿ. ತಕ್ಷಣ ನೀರು ಹಾಕೋಕೆ ಶುರು ಮಾಡಿ, ತೊಳೀತಾ ತೊಳೀತಾ ಲೆನ್ಸ್ ತೆಗೆದು ಎಸೆಯಿರಿ, ಕಾಲು ಗಂಟೆಗೆ ಕಮ್ಮಿ ಇಲ್ಲದೆ ತೊಳೆದು ಆಸ್ಪತ್ರೆಗೆ ಹೋಗಿ. ಇಂಥ ಹೊತ್ತಲ್ಲಿ ಬಾವಿ ನೀರಾದ್ರೂ ಆಗುತ್ತೆ. ಹಾಗೇ, ಎಲೆ ಅಡಿಕೆ ಹಾಕೋ ಮನೆಯಲ್ಲಿ ಸುಣ್ಣದ ಡಬ್ಬಿ, ಪೊಟ್ಟಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅಮುಕಿ ಆಡೋವಾಗ ಕಣ್ಣಿಗೆ ಸಿಡಿದು ಎಷ್ಟೋ ಮಕ್ಕಳ ನೋಟ ಹೋಗಿದೆ.

ಸೋಗೆ ತುದಿ, ಹುಲ್ಲಿನ ಅಲಗು, ಭತ್ತದ ಹೊಟ್ಟು ಕಣ್ಣಿಗೆ ಹೊಡೆದಾಗ ನಾವು "ಒಂದು ದಿನ ನೋಡಣ" ಅಂತ ಬಿಡ್ತೀವಿ. ಲೆನ್ಸ್ ಹಾಕೋರು, ಹಾಕದೋರು ಎಲ್ಲರೂ ಇದನ್ನ ತಿಳ್ಕೊಳ್ಳಿ: ದಕ್ಷಿಣ ಭಾರತದಲ್ಲಿ ಕಾರ್ನಿಯಾ ಹುಣ್ಣುಗಳಲ್ಲಿ ದೊಡ್ಡ ಪಾಲು ಶಿಲೀಂಧ್ರದ್ದು. ಫ್ಯುಸೇರಿಯಂ, ಆಸ್ಪರ್ಜಿಲಸ್, ನಮ್ಮ ಬೆಳೆಗೆ ಬರೋ ಹೆಸರುಗಳೇ, ಗೀರಿದ ಕಣ್ಣಿಗೂ ಬರುತ್ತವೆ. ಮೆಡಿಕಲ್ ಶಾಪಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಿದ್ರೆ ಎರಡು ದಿನ ಕೆಂಪು ಕಮ್ಮಿಯಾದ ಹಾಗೆ ಕಂಡು ಒಳಗೆ ಶಿಲೀಂಧ್ರ ಹಬ್ಬುತ್ತೆ. ಎಣ್ಣೆ, ಎಲೆ ರಸ, ಎದೆಹಾಲು ಯಾವುದೂ ಬೇಡ. ಲೆನ್ಸ್ ಹಾಕಿದವರಿಗೆ ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ನೋಡೋಕಾಗದೆ ಇದ್ರೆ ಲೆನ್ಸ್ ತೆಗೆದು ಅವತ್ತೇ ತೋರಿಸಬೇಕು.

ಮಕ್ಕಳ ವಿಷಯ ಒಂದಿದೆ. ನನ್ನ ಅಕ್ಕನ ಮಗನಿಗೆ ಹದಿನೇಳನೇ ವಯಸ್ಸಿನಿಂದ ಆರಾರು ತಿಂಗಳಿಗೂ ಸಿಲಿಂಡರ್ ಏರ್ತಾ ಇತ್ತು. ಕನ್ನಡಕ ಬದಲಿಸಿದ್ರೂ ಸರಿಯಾಗಿ ಕಾಣ್ತಿರಲಿಲ್ಲ. ಕಣ್ಣು ಉಜ್ಜೋ ಅಭ್ಯಾಸ ಬೇರೆ, ಧೂಳಿನ ಅಲರ್ಜಿ. ಅವನಿಗೂ ಲೆನ್ಸ್ ಹಾಕಿಸೋಣ ಅಂತ ಕರ್ಕೊಂಡು ಹೋದಾಗ ಕಾರ್ನಿಯಾದ ನಕ್ಷೆಯಲ್ಲಿ ಗೊತ್ತಾಯ್ತು, ಅದು ಕೆರಟೊಕೋನಸ್. ಕಾರ್ನಿಯಾ ತೆಳುವಾಗಿ ಬುಗುರಿ ತುದಿಯ ಹಾಗೆ ಮುಂದಕ್ಕೆ ಬರೋ ಕಾಯಿಲೆ. ಅದು ಮುಂದುವರಿಯದ ಹಾಗೆ ವಿಟಮಿನ್ ಬಿ2 ಹನಿ ಹಾಕಿ ನೇರಳಾತೀತ ಬೆಳಕು ಬಿಡೋ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಮಾಡಿದ್ರು. ಈಗ ನಿಂತಿದೆ. ಅವನಿಗೆ ಮೆತ್ತನೆ ಟೋರಿಕ್ ಆಗಲ್ಲ, ಕಣ್ಣಿನ ಬಿಳಿ ಭಾಗದ ಮೇಲೆ ಕೂರೋ ದೊಡ್ಡ ಗಟ್ಟಿ ಲೆನ್ಸ್ ಹಾಕ್ತಾನೆ, ಓದ್ತಾ ಇದ್ದಾನೆ. ನಿಮ್ಮ ಮನೆ ಹುಡುಗರ ಚೀಟಿಯಲ್ಲಿ ನಡುವಿನ ಕಾಲಂ ವರ್ಷದಿಂದ ವರ್ಷಕ್ಕೆ ಏರ್ತಿದ್ರೆ ಹಳೇ ಚೀಟಿಗಳನ್ನೂ ತಗೊಂಡು ಹೋಗಿ ತೋರಿಸಿ, ಕಾರ್ನಿಯಾದ ನಕ್ಷೆ ತೆಗೀತೀರಾ ಅಂತ ಕೇಳಿ. ಹಿರಿಯರಲ್ಲಿ ದುರ್ಮಾಂಸ ಬೆಳೆದು ಕರಿಗುಡ್ಡೆ ಮೇಲೆ ಹತ್ತಿದ್ರೂ ಸಿಲಿಂಡರ್ ಏರುತ್ತೆ. ಬಿಸಿಲಲ್ಲೇ ಇರೋ ನಮಗೆ ಅದು ಸಾಮಾನ್ಯ. ಅಗಲ ಅಂಚಿನ ಟೋಪಿ ಒಳ್ಳೇದು.

ಲೆನ್ಸ್ ಹಾಕಿದ ಮೇಲೆ ತಂತಿ ಕಾಣುತ್ತೆ. ಮೂರೂ ತಂತಿ, ಅದರ ಮೇಲೆ ಕೂತ ಹಕ್ಕಿ ಸಮೇತ. ಕಂಡ ಮಾತ್ರಕ್ಕೆ ಅದರ ಪಕ್ಕ ದೋಟಿ ಎತ್ತೋದಿಲ್ಲ ಅಂತ ನಾನು ಮನೆಯವಳೂ ಮಾತಾಡ್ಕೊಂಡಿದ್ದೀವಿ. ರೆಪ್ಪೆ ಬಡಿಯೋದು ತಡವಾದ್ರೆ ಅಲುಗೋ ನೋಟದ ಮೇಲೆ ಜೀವ ಇಡೋಕಾಗಲ್ಲ. ಲೈನ್ ಬದಿಯ ಇಪ್ಪತ್ತೆರಡು ಮರಗಳಿಗೆ ಬಿಳಿ ಪೇಂಟ್ ಪಟ್ಟಿ ಬಳಿದಿದ್ದೀನಿ. ಆ ಮರಗಳಿಗೆ ದೋಟಿ ಇಲ್ಲ. ಮುಂದಿನ ಕೊಯ್ಲಿನ ದಿನ ಬೆಳಗ್ಗೆ ಎರಡು ಗಂಟೆ ಲೈನ್ ತೆಗೆದುಕೊಡ್ತೀನಿ ಅಂತ ಲೈನ್‌ಮ್ಯಾನ್ ಒಪ್ಪಿದ್ದಾನೆ, ಕೊನೆಗೌಡ ಬರ್ತೀನಿ ಅಂದಿದ್ದಾನೆ. ಇಬ್ಬರೂ ಒಂದೇ ದಿನ ಬರಬೇಕು, ಅಷ್ಟೇ.